ಏರೋಕೆ ಟ್ಯೂನ್ ಇದೆ, ಇಳಿಯೋಕೆ?

ಜಾರ್ಜ್‌ಟೌನ್ ದಾಟಿ ಏರು ಹತ್ತುತ್ತಿದ್ದಾಗ ಡ್ಯಾಶ್‌ಬೋರ್ಡ್ ಮೇಲೆ ಒಂದು ಸಾಲು ಮೂಡಿತು. ಎಂಜಿನ್ ಬಿಸಿ ಇಳಿಸೋಕೆ ಪವರ್ ಕಡಿಮೆ ಮಾಡಿದ್ದೇನೆ ಅಂತ ಗಾಡಿಯೇ ನನಗೆ ಹೇಳುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಏನೂ ಆಗುತ್ತಿಲ್ಲ. ಹಿಂದೆ 22 ಅಡಿ ಉದ್ದದ ಟ್ರೈಲರ್. 65 ಮೈಲಿ ವೇಗದಲ್ಲಿದ್ದವನು 35ಕ್ಕೆ ಬಂದು, ಹಜಾರ್ಡ್ ಲೈಟ್ ಹಾಕಿಕೊಂಡು, ಬಲಗಡೆ ಲೇನಿನಲ್ಲಿ ತೆವಳುತ್ತಿದ್ದ ಲಾರಿಗಳ ಸಾಲಿಗೆ ಸೇರಿಕೊಂಡೆ. ಐದು ನಿಮಿಷದ ಹಿಂದೆ ಅದೇ ಲಾರಿಗಳನ್ನು ನಗುತ್ತಾ ಓವರ್‌ಟೇಕ್ ಮಾಡಿದ್ದೆ.

ಇದು ಅಮೆರಿಕದ ಕೊಲೊರಾಡೊ ರಾಜ್ಯದ ಐ-70 ಹೆದ್ದಾರಿ. ಡೆನ್ವರ್‌ನಿಂದ ಪಶ್ಚಿಮಕ್ಕೆ ರಾಕಿ ಪರ್ವತ ಹತ್ತಿ, ಸುಮಾರು 11,000 ಅಡಿ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗ ಹಾದು ಆಚೆ ಇಳಿಯುತ್ತದೆ. ಕೆಲವು ಕಡೆ ಏರು ಶೇ. 7ರವರೆಗೂ ಇದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ ಅಂದರೆ ಎತ್ತರದ ಅಂದಾಜು ಸಿಗಬಹುದು. 2022ರ ಮೇ ತಿಂಗಳ ಒಂದು ಶನಿವಾರ ಅದು. ಪುಣ್ಯಕ್ಕೆ ಗಾಡಿಯಲ್ಲಿ ನಾನೊಬ್ಬನೇ ಇದ್ದೆ. ಮುಂದಿನ ತಿಂಗಳು ಹಾಸನದಿಂದ ಅಪ್ಪ ಅಮ್ಮ ಬರುವವರಿದ್ದರು. ಅವರನ್ನೂ ಹೆಂಡತಿಯನ್ನೂ ಎರಡು ವರ್ಷದ ಮಗನನ್ನೂ ಕೂರಿಸಿಕೊಂಡು ಇದೇ ದಾರಿಯಲ್ಲಿ ಡಿಲನ್ ಸರೋವರಕ್ಕೆ ಕ್ಯಾಂಪಿಂಗ್ ಹೋಗುವುದು ಪ್ಲಾನ್. ಆ ದಿನದ್ದು ಟ್ರಯಲ್ ರನ್.

ಎಂಜಿನ್ ಕೆಟ್ಟಿರಲಿಲ್ಲ. ಮೂರು ವಾರದ ಹಿಂದೆ ನಾನೇ ಅದರ ಸಾಫ್ಟ್‌ವೇರ್ ಬದಲಾಯಿಸಿದ್ದೆ, ಅಷ್ಟೇ.

ಇವತ್ತಿನ ಯಾವ ಗಾಡಿಯನ್ನೇ ತೆಗೆದುಕೊಳ್ಳಿ, ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು, ಯಾವ ವೇಗಕ್ಕೆ ಯಾವ ಗೇರ್ ಎಂಬುದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಅದರೊಳಗೆ ಇರುವುದು ನೂರಾರು ಕೋಷ್ಟಕಗಳು. ಎಕ್ಸೆಲ್ ಶೀಟ್ ಅಂದುಕೊಳ್ಳಿ. ಕಂಪನಿ ಬರೆದ ಆ ಸಂಖ್ಯೆಗಳ ಜಾಗದಲ್ಲಿ ಬೇರೆಯವರು ಬರೆದ ಸಂಖ್ಯೆಗಳನ್ನು ತುಂಬುವುದೇ ‘ಟ್ಯೂನ್’. ಬೆಂಗಳೂರಿನಲ್ಲಿ ಇದನ್ನೇ ರೀಮ್ಯಾಪ್ ಅನ್ನುತ್ತಾರೆ. ಸ್ಪ್ಯಾನರ್ ಹಿಡಿಯುವ ಕೆಲಸವೇ ಇಲ್ಲ. ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಕೇಬಲ್ ಚುಚ್ಚಿದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೋಡ್ ಬರೆದು ಹೊಟ್ಟೆ ಹೊರೆಯುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಇನ್ನೇನು ಬೇಕು ಹೇಳಿ.

ನನ್ನದು 2018ರ ಫೋರ್ಡ್ ಎಫ್-150, ಸೆಕೆಂಡ್ ಹ್ಯಾಂಡ್. 3.5 ಲೀಟರಿನ ಎರಡು ಟರ್ಬೊಗಳ ಪೆಟ್ರೋಲ್ ಎಂಜಿನ್, ಹತ್ತು ಗೇರಿನ ಆಟೊಮ್ಯಾಟಿಕ್. ಫ್ಯಾಕ್ಟರಿಯಿಂದ ಬರುವಾಗಲೇ 375 ಹಾರ್ಸ್‌ಪವರ್, 470 ಪೌಂಡ್-ಫೂಟ್ ಟಾರ್ಕ್. ವಾರಕ್ಕೆ ಐದು ದಿನ ಆಫೀಸು, ಡೇ ಕೇರ್, ತರಕಾರಿ ಅಂಗಡಿ. ತಿಂಗಳಿಗೊಮ್ಮೆ ಟ್ರೈಲರ್. ಅದರ ತೂಕ ಸಾಮಾನು ತುಂಬಿದರೆ 5,300 ಪೌಂಡ್, ಅಂದರೆ 2,400 ಕೆ.ಜಿ. ‘ಇರೋ ಪವರ್ ಸಾಲದಾ?’ ಅಂತ ಹೆಂಡತಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಸಹೋದ್ಯೋಗಿಯೊಬ್ಬರ ಟ್ಯೂನ್ ಆದ ಟ್ರಕ್ಕನ್ನು ಒಮ್ಮೆ ಓಡಿಸಿದ್ದೆ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸುಮಾರು 600 ಡಾಲರ್ ಕೊಟ್ಟು ತರಿಸಿದೆ. ಅಂಗೈಯಗಲದ ಒಂದು ಸಾಧನ, ಜೊತೆಗೆ ಈಮೇಲಿನಲ್ಲಿ ಮೂರು ಫೈಲ್. ಒಂದು ‘91 ಪರ್ಫಾರ್ಮೆನ್ಸ್’, ಇನ್ನೊಂದು ‘91 ಟೋ’, ಮೂರನೆಯದು ‘87 ಟೋ’. ಟೋ ಅಂದರೆ ಎಳೆಯುವುದು. ಸಂಖ್ಯೆ ಪೆಟ್ರೋಲಿನ ಆಕ್ಟೇನ್. ಈಮೇಲ್ ಉದ್ದ ಇತ್ತು. ಮೊದಲ ಪ್ಯಾರಾ ಓದಿ ಮಿಕ್ಕಿದ್ದನ್ನು ಸ್ಕ್ರೋಲ್ ಮಾಡಿದೆ. ನಮ್ಮ ಕಸುಬಿನಲ್ಲಿ ರೀಡ್‌ಮಿ ಫೈಲ್ ಯಾರು ಓದುತ್ತಾರೆ!

ಪರ್ಫಾರ್ಮೆನ್ಸ್ ಹಾಕಿದ ಮೊದಲ ವಾರ ಸ್ವರ್ಗ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೆ ಗಾಡಿ ಚಿಮ್ಮುತ್ತಿತ್ತು. ಆಮೇಲೆ ಕೂತು ಲಾಗ್ ನೋಡಿದಾಗ ಒಂದು ವಿಷಯ ತಿಳಿಯಿತು, ಇದು ಟ್ಯೂನ್ ಮಾರುವವರು ಮೊದಲು ಹೇಳುವ ಮಾತಲ್ಲ. ದಿನದ ಓಡಾಟದಲ್ಲಿ ನಮಗೆ ಗೊತ್ತಾಗುವ ವ್ಯತ್ಯಾಸದ ಬಹುಪಾಲು ಪವರ್‌ನದ್ದಲ್ಲ, ಪೆಡಲಿನದ್ದು. ಮೊದಲು ಕಾಲು ಭಾಗ ಒತ್ತಿದರೆ ಕಾಲು ಭಾಗ ಕೆಲಸ ಆಗುತ್ತಿತ್ತು, ಈಗ ಅಷ್ಟೇ ಒತ್ತಿದರೆ ಅರ್ಧ ಆಗುತ್ತದೆ. ಗೇರ್ ಕೂಡ ಬೇಗ ಇಳಿಯುತ್ತದೆ. ಗಾಡಿಯಲ್ಲೇ ಇರುವ ಸ್ಪೋರ್ಟ್ ಮೋಡ್ ಗುಂಡಿ ಒತ್ತಿದರೆ ಇದರಲ್ಲಿ ಅರ್ಧ ಸುಖ ಪುಕ್ಕಟೆ ಸಿಗುತ್ತದೆ. ಟ್ಯೂನ್ ಮಾಡಿಸುವ ಮುನ್ನ ಒಂದು ವಾರ ಆ ಗುಂಡಿ ಒತ್ತಿ ಓಡಾಡಿ ನೋಡಿ. ಎಷ್ಟೋ ಜನರ ಆಸೆ ಅಲ್ಲಿಗೇ ತೀರುತ್ತದೆ.

ಇನ್ನು ಜಾರ್ಜ್‌ಟೌನಿನ ಏರಿಗೆ ಬರೋಣ. ಅವತ್ತು ಸಿಲ್ವರ್ ಪ್ಲೂಮ್ ಎಂಬ ಪುಟ್ಟ ಊರಿನಲ್ಲಿ ಹೆದ್ದಾರಿಯಿಂದ ಇಳಿದು, ಬಾನೆಟ್ ತೆರೆದಿಟ್ಟು, ಲ್ಯಾಪ್‌ಟಾಪ್ ತೆಗೆದೆ. ಸಿಲಿಂಡರ್ ಹೆಡ್ಡಿನ ಉಷ್ಣತೆ ಮಾಮೂಲಿಯಾಗಿ 200 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತಿತ್ತು. ಏರಿನ ಅರ್ಧದಲ್ಲೇ 250 ದಾಟಿತ್ತು. ಇನ್ನೊಂದು ಕಾಲಮ್ಮಿನಲ್ಲಿ ನಾಕ್ ಸೆನ್ಸರ್ ಪದೇ ಪದೇ ಕಿಡಿಯನ್ನು ಹಿಂದಕ್ಕೆ ಎಳೆದಿತ್ತು. ಕಿಡಿ ಹಚ್ಚಿದ ಜ್ವಾಲೆ ತಲುಪುವವರೆಗೆ ಕಾಯದೆ ಮಿಕ್ಕ ಪೆಟ್ರೋಲ್ ಒತ್ತಡಕ್ಕೂ ಬಿಸಿಗೂ ತಾನೇ ಸಿಡಿಯುವುದಕ್ಕೆ ನಾಕಿಂಗ್ ಅನ್ನುತ್ತಾರೆ. ಒಂದೆರಡು ಸಲ ಆದರೆ ಕಂಪ್ಯೂಟರ್ ಸಂಭಾಳಿಸುತ್ತದೆ. ಹತ್ತು ನಿಮಿಷ ಬಿಡದೆ ಆದರೆ ಪಿಸ್ಟನ್ ಸೀಳುತ್ತದೆ. ಸ್ಕ್ರೋಲ್ ಮಾಡಿ ಬಿಟ್ಟಿದ್ದ ಈಮೇಲ್ ಆಗ ಪೂರ್ತಿ ಓದಿದೆ. ನಾಲ್ಕನೇ ಪ್ಯಾರಾದಲ್ಲಿ ದಪ್ಪ ಅಕ್ಷರದಲ್ಲೇ ಇತ್ತು, ಈ ಫೈಲ್ ಹಾಕಿಕೊಂಡು ಟ್ರೈಲರ್ ಎಳೆಯಬೇಡಿ ಅಂತ.

ಯಾಕೆ ಅಂದರೆ, ದಿನದ ಓಡಾಟದಲ್ಲಿ ಪೂರ್ತಿ ಪವರ್ ಬಳಸುವುದು ಐದಾರು ಸೆಕೆಂಡು. ಹೆದ್ದಾರಿಗೆ ಸೇರಿದಿರೋ, ಕಾಲು ತೆಗೆದಿರೋ, ಮುಗಿಯಿತು. ಎಂಜಿನ್ ಬಿಸಿಯಾಗುವ ಮೊದಲೇ ಕೆಲಸ ಮುಗಿದಿರುತ್ತದೆ. ಭಾರ ಎಳೆದುಕೊಂಡು ಘಾಟಿ ಹತ್ತುವಾಗ ಅದೇ ಪವರ್ ಹತ್ತು ನಿಮಿಷ ಬೇಕು. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮೂರರಲ್ಲೊಂದು ಪಾಲು ಚಕ್ರಕ್ಕೆ, ಒಂದು ಪಾಲು ಸೈಲೆನ್ಸರಿನಿಂದ ಹೊರಗೆ, ಉಳಿದದ್ದು ರೇಡಿಯೇಟರಿಗೆ ಎಂಬುದು ಹಳೇ ಲೆಕ್ಕ. ಟ್ಯೂನ್ ಪವರ್ ಜಾಸ್ತಿ ಮಾಡಿದರೆ ಬಿಸಿಯೂ ಅದೇ ಪ್ರಮಾಣದಲ್ಲಿ ಜಾಸ್ತಿ. ರೇಡಿಯೇಟರ್ ಮಾತ್ರ ಮೊದಲಿನದ್ದೇ. ಮೇಲಾಗಿ 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ತಣಿಸಲು ಗಾಳಿ ಸಾಲದು. ಅಷ್ಟೇ ಒತ್ತಡ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಅದರಿಂದ ಬರುವ ಗಾಳಿ ಇನ್ನೂ ಬಿಸಿ. ಸರ್ವರ್ ಭಾಷೆಯಲ್ಲಿ ಹೇಳುವುದಾದರೆ, ಐದು ಸೆಕೆಂಡಿನ ಸ್ಪೈಕ್ ತಡೆದುಕೊಂಡಿತು ಅಂತ ನಾನು ಇಡೀ ದಿನದ ಲೋಡ್ ಹಾಕಿಬಿಟ್ಟಿದ್ದೆ.

ಆಮೇಲೆ ಪೆಟ್ರೋಲಿನ ಕಥೆ. ಕೊಲೊರಾಡೊದ ಬಂಕುಗಳಲ್ಲಿ ಮಾಮೂಲಿ ಪೆಟ್ರೋಲ್ ಅಂದರೆ 85. ಬೇರೆ ಬಹುತೇಕ ರಾಜ್ಯಗಳಲ್ಲಿ 87. ಇಲ್ಲಿ 87 ಬೇಕಾದರೆ ಒಂದು ಮೆಟ್ಟಿಲು ಮೇಲಿನ ದುಡ್ಡು ಕೊಡಬೇಕು, ಪ್ರೀಮಿಯಮ್ 91. ಎತ್ತರದಲ್ಲಿ ಗಾಳಿ ತೆಳು, ಹಳೇ ಕಾರ್ಬುರೇಟರ್ ಎಂಜಿನ್ನುಗಳಲ್ಲಿ ಒತ್ತಡ ಕಡಿಮೆ, ಅದಕ್ಕೆ 85 ಸಾಕು ಎಂಬ ಕಾಲದ ಪಳೆಯುಳಿಕೆ ಇದು. ಟರ್ಬೊ ಎಂಜಿನ್ನಿಗೆ ಆ ರಿಯಾಯಿತಿ ಇಲ್ಲ, ತೆಳುಗಾಳಿಯನ್ನು ಅದು ತಾನೇ ಒತ್ತಿ ದಪ್ಪ ಮಾಡಿಕೊಳ್ಳುತ್ತದೆ. 87ಕ್ಕಿಂತ ಕಡಿಮೆ ಹಾಕಬೇಡಿ ಅಂತ ಫೋರ್ಡ್ ಮ್ಯಾನುಯಲ್ಲೇ ಹೇಳುತ್ತದೆ, ಎತ್ತರದ ಊರುಗಳ ಹೆಸರೆತ್ತಿ ಎಚ್ಚರಿಸುತ್ತದೆ. ಅಂದಹಾಗೆ ಇಲ್ಲಿನ 91ಕ್ಕೂ ನಮ್ಮೂರಿನ 91ಕ್ಕೂ ಸಂಬಂಧ ಇಲ್ಲ. ಭಾರತದಲ್ಲಿ ಬರೆಯುವುದು ಆರ್‌ಒಎನ್ ಎಂಬ ಒಂದೇ ಅಳತೆ, ಅಮೆರಿಕದಲ್ಲಿ ಎರಡು ಅಳತೆಗಳ ಸರಾಸರಿ. ಇಲ್ಲಿನ 87 ಹೆಚ್ಚುಕಮ್ಮಿ ನಮ್ಮೂರಿನ 91. ರೀಮ್ಯಾಪ್ ಮಾಡಿಸುವ ಆಸೆಯಿಂದ ಅಮೆರಿಕದ ವಿಡಿಯೊ ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಗುಟ್ಟು. ನನ್ನ ಎಂಜಿನ್ನಿನ ಫ್ಯಾಕ್ಟರಿ ಸಾಫ್ಟ್‌ವೇರ್ ತಾನೇ ಪೆಟ್ರೋಲನ್ನು ‘ಕಲಿಯುತ್ತದೆ’. ನಾಕ್ ಸೆನ್ಸರ್ ಸುಮ್ಮನಿದ್ದರೆ ಆಕ್ಟೇನ್ ಚೆನ್ನಾಗಿದೆ ಅಂತ ಲೆಕ್ಕ ಹಾಕಿ ಕಿಡಿಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ತರುತ್ತದೆ. ಅಂದರೆ ಯಾವ ಟ್ಯೂನೂ ಹಾಕದೆ, ಎಳೆಯುವ ದಿನ ಬರೀ ಪ್ರೀಮಿಯಮ್ ತುಂಬಿಸಿದರೂ ಗಾಡಿಗೆ ತುಸು ಹುರುಪು ಬರುತ್ತದೆ. ಇದು ಗೊತ್ತಿದ್ದಿದ್ದರೆ 600 ಡಾಲರ್ ಉಳಿಯುತ್ತಿತ್ತೇನೋ.

ಕಂಪನಿಯವರು ಯಾಕೆ ಪವರ್ ‘ಬಿಟ್ಟು’ ಕಳಿಸುತ್ತಾರೆ ಎಂಬ ಪ್ರಶ್ನೆಗೂ ಉತ್ತರ ಹುಡುಕಿದೆ. ಅಮೆರಿಕದಲ್ಲಿ ಎಳೆಯುವ ಸಾಮರ್ಥ್ಯ ಘೋಷಿಸಲು ಎಸ್‌ಎಇ ಜೆ2807 ಎಂಬ ಮಾನದಂಡ ಇದೆ. ಅದರ ಒಂದು ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರಿನಲ್ಲಿ. 11.4 ಮೈಲಿ ಏರು, ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಪೂರ್ತಿ ಆನ್, ಹಿಂದೆ ಹೇಳಿಕೊಂಡಷ್ಟೂ ಭಾರ. ನನ್ನಂಥ ಟ್ರಕ್ಕು ಅಲ್ಲಿ 40 ಮೈಲಿ ವೇಗಕ್ಕಿಂತ ಕೆಳಗೆ ಬೀಳಬಾರದು, ಏನೂ ಕೆಡಬಾರದು. ಗಮನಿಸಿ, ನಲವತ್ತು ಸಾಕು. ಅರವತ್ತೈದರಲ್ಲಿ ಹತ್ತಬೇಕು ಅಂತ ಯಾವ ಎಂಜಿನಿಯರೂ ಹೇಳಿಲ್ಲ, ಹೇಳಿದ್ದು ನಾನು. ಫ್ಯಾಕ್ಟರಿ ಫೈಲ್ ಇಂಥ ಏರು ಹತ್ತಿ ಪಾಸಾಗಿ ಬಂದಿರುತ್ತದೆ. ಈಮೇಲಿನಲ್ಲಿ ಬಂದ ಫೈಲ್ ಯಾವ ಏರು ಹತ್ತಿದೆಯೋ ಕೇಳಿ ನೋಡಬೇಕು.

ನಾನು ಕೇಳಿದೆ. ಲಾಗ್ ಕಳಿಸಿ, ತಪ್ಪೊಪ್ಪಿಕೊಂಡು, ಮೂರು ಪ್ರಶ್ನೆ ಹಾಕಿದೆ. ನಿಮ್ಮ ಟೋ ಫೈಲ್ ಬಿಸಿ ಹೆಚ್ಚಾದಾಗ ಪವರ್ ಇಳಿಸುವ ಫ್ಯಾಕ್ಟರಿಯ ರಕ್ಷಣೆಗಳನ್ನು ಹಾಗೇ ಬಿಟ್ಟಿದೆಯೋ, ತೆಗೆದಿದೆಯೋ? ಗೇರ್‌ಬಾಕ್ಸಿಗೆ ಹೋಗುವ ಟಾರ್ಕಿನ ಮಿತಿ ಎಷ್ಟು ಏರಿಸಿದ್ದೀರಿ? ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ಕಡಿಮೆ ಮಾಡಬೇಕೋ? ಅವರು ತಾಳ್ಮೆಯಿಂದ ಉತ್ತರಿಸಿದರು, ಎಲ್ಲ ರಕ್ಷಣೆಗಳೂ ಇದ್ದಲ್ಲೇ ಇವೆ, ಟೋ ಫೈಲಿನಲ್ಲಿ ಬದಲಾಗಿರುವುದು ಮುಖ್ಯವಾಗಿ ಗೇರ್ ಬೀಳುವ ಹೊತ್ತು ಮತ್ತು ಕೆಳಗಿನ ಆರ್‌ಪಿಎಂನ ಎಳೆತ ಅಂತ. ಟೋ ಫೈಲ್ ಅಂದರೆ ಇನ್ನೂ ಜಾಸ್ತಿ ಪವರ್ ಅಂತ ನಾನು ಅಂದುಕೊಂಡಿದ್ದೆ. ಆ ಮೂರು ಫೈಲುಗಳಲ್ಲಿ ಅತಿ ಕಡಿಮೆ ಪವರ್ ಇದ್ದದ್ದು ‘87 ಟೋ’.

ಕಾನೂನು, ವಾರಂಟಿ ವಿಷಯ ಚುಟುಕಾಗಿ ಹೇಳುತ್ತೇನೆ. ಹೊಗೆ ನಿಯಂತ್ರಣದ ಯಾವ ಭಾಗವನ್ನೂ ಕೆಲಸ ಮಾಡದಂತೆ ಮಾಡುವುದು ಇಲ್ಲಿನ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಅಪರಾಧ. ಡೀಸೆಲ್ ಟ್ರಕ್ಕುಗಳ ‘ಡಿಲೀಟ್’ ಟ್ಯೂನ್ ಮಾರಿದವರಿಗೆ ಭಾರೀ ದಂಡ ಬಿದ್ದಿದೆ. ಕ್ಯಾಲಿಫೋರ್ನಿಯಾದ ವಾಯುಮಂಡಳಿ ಪರೀಕ್ಷಿಸಿ ಕೊಡುವ ‘ಇಒ’ ನಂಬರು ಇರುವ ಟ್ಯೂನ್ ಆದರೆ ನಿಶ್ಚಿಂತೆ. ವಾರಂಟಿ ನನಗೆ 2023ರವರೆಗೆ ಇತ್ತು. 1975ರ ಒಂದು ಕಾನೂನಿನ ಪ್ರಕಾರ, ಬದಲಾವಣೆ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವ ಹಾಗಿಲ್ಲ, ಅದರಿಂದಲೇ ಹಾಳಾಯಿತು ಅಂತ ಅವರು ತೋರಿಸಬೇಕು. ಕೇಳಲು ಚೆಂದ. ಆದರೆ ಟ್ಯೂನ್ ಹಾಕಿ ಪಿಸ್ಟನ್ ಸೀಳಿಸಿಕೊಂಡು ಹೋದರೆ ತೋರಿಸಲು ಕಷ್ಟವೇನಿದೆ? ಮೂಲ ಫೈಲ್ ವಾಪಸ್ ಹಾಕಿದರೂ ಬದಲಾಯಿಸಿದ್ದರ ಗುರುತು ಉಳಿಯುತ್ತದೆ. ಬೆಂಗಳೂರಿನಲ್ಲಿ ಡೀಸೆಲ್ ಎಸ್‌ಯುವಿಗೆ ರೀಮ್ಯಾಪ್ ಮಾಡಿಸಲೋ ಅಂತ ಚಿಕ್ಕಪ್ಪನ ಮಗ ಕೇಳಿದಾಗಲೂ ನಾನು ಹೇಳಿದ್ದು ಇಷ್ಟೇ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸು, ಡಿಪಿಎಫ್ ತೆಗೀತೀವಿ ಅನ್ನೋರ ಹತ್ತಿರ ಹೋಗಬೇಡ.

ಆ ರಾತ್ರಿಯೇ ಫ್ಯಾಕ್ಟರಿ ಫೈಲ್ ವಾಪಸ್ ಹಾಕಿದ್ದೆ. ಜೂನ್ ಮೂರನೇ ವಾರ ಅಪ್ಪ ಅಮ್ಮ ಬಂದಿಳಿದರು.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಹಾಸನ-ಮಂಗಳೂರು ರೂಟಿನಲ್ಲಿ ಶಿರಾಡಿ ಘಾಟಿ ಎಷ್ಟು ಸಲ ಹತ್ತಿಳಿದಿದ್ದಾರೋ ಲೆಕ್ಕ ಅವರಿಗೇ ಇಲ್ಲ. ಗ್ಯಾರೇಜಿನಲ್ಲಿ ನಿಂತು ನನ್ನ ಗ್ರಾಫುಗಳನ್ನೆಲ್ಲ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

‘ಈ ಗಾಡಿಗೆ ಪಾಸಿಂಗ್ ಎಷ್ಟು?’

‘ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ ಅಪ್ಪ, ನಮ್ಮದು ಅದರರ್ಧವೂ ಇಲ್ಲ.’

‘ಎಳೆಯೋದು ಬಿಡು ಕಣೋ. ಮೈಮೇಲೆ ಹೊರೋದು ಎಷ್ಟು?’

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟಕ್ಕಿಂತ ಹೆಚ್ಚಾಗಬಾರದು ಅಂತ. ನನ್ನ ಟ್ರಕ್ಕಿನದ್ದು 1,540 ಪೌಂಡ್, ಸುಮಾರು 700 ಕೆ.ಜಿ. ಒಂದು ವರ್ಷದಿಂದ ದಿನಾ ಆ ಬಾಗಿಲು ತೆರೆದಿದ್ದೇನೆ, ಓದಿರಲಿಲ್ಲ. ಅಡುಗೆಮನೆ ಟೇಬಲ್ಲಿನ ಮೇಲೆ ಲೆಕ್ಕ ಹಾಕಿದೆವು. ನಾವು ಐದು ಜನ, ಮಗನ ಸೀಟು ಸೇರಿ 635. ಹಿಚ್ಚಿನ ಕಬ್ಬಿಣ 80. ಹಿಂದಿನ ತೊಟ್ಟಿಯಲ್ಲಿ ಸೌದೆ, ಜನರೇಟರು, ಐಸ್ ಪೆಟ್ಟಿಗೆ, ಅಮ್ಮನ ಪಾತ್ರೆ ಗಂಟು ಎಲ್ಲ ಸೇರಿ 220. ಇನ್ನು ಟ್ರೈಲರಿನ ಮೂತಿ ಟ್ರಕ್ಕಿನ ಹಿಂಭಾಗದ ಮೇಲೆ ಕೂರುತ್ತದಲ್ಲ, ಆ ಭಾರ. ಅದು ಟ್ರೈಲರ್ ತೂಕದ ಶೇ. 10ರಿಂದ 15 ಇರಬೇಕು. ಕಡಿಮೆಯಾದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ನಮ್ಮದು 680. ಒಟ್ಟು 1,615. ಎಪ್ಪತ್ತೈದು ಪೌಂಡ್ ಜಾಸ್ತಿ.

ಮೂರು ತಿಂಗಳು ಹಾರ್ಸ್‌ಪವರ್ ಬಗ್ಗೆ ಓದಿದ್ದೆ. ಸ್ಪ್ರಿಂಗು, ಟೈರು, ಆಕ್ಸಲ್, ಬ್ರೇಕು ಹೊರುವ ಈ ಸಂಖ್ಯೆಯನ್ನು ಯಾವ ಟ್ಯೂನೂ ಒಂದು ಪೌಂಡ್ ಏರಿಸುವುದಿಲ್ಲ.

‘ಇಲ್ಲಿ ವೇಬ್ರಿಡ್ಜ್ ಇಲ್ವೇನೋ? ಬಾಯಲ್ಲಿ ಲೆಕ್ಕ ಹಾಕಿ ಘಾಟಿ ಹತ್ತೋದಾ?’ ಅಂದರು ಅಪ್ಪ. ಲಾರಿಗಳು ನಿಲ್ಲುವ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇದೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಎಲ್ಲರನ್ನೂ ಕೂರಿಸಿಕೊಂಡು ಹೋಗಿ ತೂಗಿಸಿದೆವು. ನಮ್ಮ ಲೆಕ್ಕಕ್ಕೂ ಚೀಟಿಗೂ ಹತ್ತಿಪ್ಪತ್ತು ಪೌಂಡಿನ ವ್ಯತ್ಯಾಸ. ಸೌದೆಯನ್ನು ಮನೆಯಲ್ಲೇ ಬಿಟ್ಟೆವು. ಮರದ ಹುಳ ಹರಡುತ್ತದೆ ಅಂತ ಸೌದೆಯನ್ನು ದೂರ ಸಾಗಿಸಬಾರದು ಎಂಬ ಸೂಚನೆಯೂ ಇಲ್ಲಿದೆ. ಜನರೇಟರ್ ಇಳಿಸಿದೆವು. ಅಮ್ಮನ ಪಾತ್ರೆ ಗಂಟು ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಟ್ಯೂನಿನ ವಿಷಯ ಕೊನೆಗೆ ಏನು ಮಾಡಿದೆ ಅಂದರೆ, ಆ ಪ್ರವಾಸಕ್ಕೆ ಫ್ಯಾಕ್ಟರಿ ಫೈಲೇ ಇರಲಿ, ಟ್ಯಾಂಕಿನಲ್ಲಿ 91 ಪೆಟ್ರೋಲ್, ಟೋ-ಹಾಲ್ ಮೋಡ್ ಆನ್, ಏರಿನಲ್ಲಿ 50 ಮೈಲಿ ದಾಟುವುದಿಲ್ಲ ಅಂತ ನಿರ್ಧರಿಸಿದೆ. 2023ರಲ್ಲಿ ವಾರಂಟಿ ಮುಗಿದ ಮೇಲೆ ‘87 ಟೋ’ ಹಾಕಿಕೊಂಡಿದ್ದೇನೆ, ಈಗಲೂ ಅದೇ ಇದೆ, ಆಫೀಸಿಗೂ ಅದೇ. ಆದರೆ ಟ್ರೈಲರ್ ಕಟ್ಟಿದ ದಿನ ತುಂಬಿಸುವುದು 91. ಕಡಿಮೆ ಆಕ್ಟೇನಿಗೆ ಬರೆದ ಫೈಲು, ಹೆಚ್ಚು ಆಕ್ಟೇನಿನ ಪೆಟ್ರೋಲು. ಆ ನಾಲ್ಕು ಅಂಕಿಯ ಅಂತರ ನನ್ನ ಪಿಸ್ಟನ್ನುಗಳಿಗೆ ಕೊಟ್ಟ ರಜೆ. ಪರ್ಫಾರ್ಮೆನ್ಸ್ ಫೈಲ್ ಲ್ಯಾಪ್‌ಟಾಪಿನಲ್ಲಿದೆ, ಅಳಿಸಲು ಮನಸ್ಸು ಬಂದಿಲ್ಲ.

ಜುಲೈ ಮೊದಲ ವಾರ ಹೊರಟೆವು. ಜಾರ್ಜ್‌ಟೌನ್ ಏರಿನಲ್ಲಿ ಲಾರಿಗಳ ಹಿಂದೆಯೇ 45ರಲ್ಲಿ ಹತ್ತಿದೆ. ಮಗ ನಿದ್ದೆ ಹೋದ. ಉಷ್ಣತೆಯ ಮುಳ್ಳು ಅಲ್ಲಾಡಲಿಲ್ಲ. 1.7 ಮೈಲಿ ಉದ್ದದ ಸುರಂಗ ದಾಟಿ ಹೊರಬಂದರೆ ಒಮ್ಮೆಲೇ ಇಳಿಜಾರು, ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು 2,000 ಅಡಿ. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಕಲ್ಲಿನ ರಸ್ತೆಗಳಿವೆ. ಪಕ್ಕದ ಸೀಟಿನಲ್ಲಿದ್ದ ಅಪ್ಪನ ಬಲಗಾಲು ಗಾಳಿಯಲ್ಲೇ ಬ್ರೇಕ್ ಒತ್ತುತ್ತಿತ್ತು.

‘ಮಾರನಹಳ್ಳಿಯಿಂದ ಗುಂಡ್ಯಕ್ಕೆ ಇಳಿಯೋವಾಗ ಏನ್ ಮಾಡ್ತಿದ್ವಿ ಗೊತ್ತಾ? ಯಾವ ಗೇರಲ್ಲಿ ಹತ್ತಬೇಕೋ ಅದೇ ಗೇರಲ್ಲಿ ಇಳೀಬೇಕು. ಈಗಲೇ ಹಾಕು, ವೇಗ ಹಿಡಿದ ಮೇಲಲ್ಲ.’

ಗೇರ್ ಲಿವರಿನ ಗುಂಡಿ ಒತ್ತಿ ಕೆಳಗಿಳಿಸಿದೆ. ಎಂಜಿನ್ ಗೊಣಗಿ ಹಿಡಿದುಕೊಂಡಿತು. ಇಲ್ಲಿ ಟರ್ಬೊಗಳಿಗೆ ಕೆಲಸವೇ ಇಲ್ಲ. ಥ್ರಾಟಲ್ ಮುಚ್ಚಿದಾಗ ಪೆಟ್ರೋಲ್ ಎಂಜಿನ್ ಎಷ್ಟು ತಡೆಯಬಲ್ಲದೋ ಅಷ್ಟೇ, 375 ಇದ್ದರೂ 450 ಇದ್ದರೂ ಒಂದೇ. ನಡುನಡುವೆ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವುದು, ಪೂರ್ತಿ ಬಿಡುವುದು, ಒತ್ತಿಕೊಂಡೇ ಇರಬಾರದು. ಟ್ರೈಲರಿನ ಬ್ರೇಕೂ ಜೊತೆಗೆ ಹಿಡಿಯುತ್ತಿತ್ತು. ಕಿಟಕಿ ಇಳಿಸಿ ಅಪ್ಪ ಎರಡು ಸಲ ಮೂಗು ಹೊರಗಿಟ್ಟು ನೋಡಿದರು, ಲೈನರ್ ಸುಟ್ಟ ವಾಸನೆ ಬರುತ್ತಿದೆಯೇನೋ ಅಂತ.

ಸಿಲ್ವರ್‌ಥಾರ್ನಿನಲ್ಲಿ ಬಂಕಿನ ಪಕ್ಕ ನಿಲ್ಲಿಸಿದೆ. ನಾನು ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ತೆಗೆದು ಲಾಗ್ ಡೌನ್‌ಲೋಡ್ ಮಾಡಲು ಕೂತೆ. ಅಪ್ಪ ಇಳಿದು, ಟ್ರೈಲರಿನ ನಾಲ್ಕೂ ಚಕ್ರದ ಹತ್ತಿರ ಒಂದೊಂದಾಗಿ ಬಗ್ಗಿ, ಹಬ್ಬಿಗೆ ತಾಗದ ಹಾಗೆ ಅಂಗೈಯ ಹಿಂಭಾಗ ಹಿಡಿದು ನೋಡಿದರು. ಬಲಗಡೆ ಹಿಂದಿನದರ ಹತ್ತಿರ ಸ್ವಲ್ಪ ಹೊತ್ತು ನಿಂತರು.

‘ಇದೊಂದು ಉಳಿದದ್ದಕ್ಕಿಂತ ಬಿಸಿ ಇದೆ. ವಾಪಸ್ ಹೋಗೋ ಮೊದಲು ಬಿಚ್ಚಿ ನೋಡೋಣ’ ಅಂದರು. ‘ಅಮ್ಮನ ಫ್ಲಾಸ್ಕಲ್ಲಿ ಕಾಫಿ ಉಳಿದಿದ್ಯಾ ನೋಡು.’